ಪುಟ್ಟಿಗೆ, ‘ಹದಗೆಡು’ ಪದದ ಬಗ್ಗೆ

ಚಿರಂಜೀವಿ ಪುಟ್ಟಿಗೆ ಸಕಲೇಶಪುರದಿಂದ ದೊಡ್ಡಪ್ಪನ ಆಶೀರ್ವಾದಗಳು.

ಹಾಸನದಲ್ಲಿ ಪತ್ರಿಕೆಗೆ ಸೇರಿದ ಮೇಲೆ ನೀನು ಬರೆದ ಸುದ್ದಿ ಒಂದನ್ನೂ ಬಿಡದೆ ಓದುತ್ತಿದ್ದೇನೆ. ತುಂಬ ಖುಷಿಯಾಗುತ್ತದೆ. ಒಂದು ವಿಷಯ ಮಾತ್ರ ಹೇಳಬೇಕು ಅನ್ನಿಸಿತು. ನಿನ್ನ ಬರಹದಲ್ಲಿ ರಸ್ತೆ ಹದಗೆಡುತ್ತದೆ, ಬೆಳೆ ಹದಗೆಡುತ್ತದೆ, ಕೆರೆ ಹದಗೆಡುತ್ತದೆ, ಯಾರದೋ ಆರೋಗ್ಯವೂ ಹದಗೆಡುತ್ತದೆ. ಪದ ಒಳ್ಳೆಯದೇ. ಎಲ್ಲದಕ್ಕೂ ಅದನ್ನೇ ಹಾಕಿದರೆ ನಿಜವಾಗಿ ಏನಾಯಿತು ಅಂತ ಓದುವವರಿಗೆ ತಿಳಿಯುವುದಿಲ್ಲ.

‘ಹದ’ ಮತ್ತು ‘ಕೆಡು’ ಸೇರಿ ಹದಗೆಡು. ಆದೇಶ ಸಂಧಿ, ಶಾಲೆಯಲ್ಲಿ ಓದಿದ್ದೀಯ. ಹದ ಅಂದರೆ ಏನು ಅಂತ ಹೊಲದಲ್ಲಿ ನೋಡಬೇಕು. ಹದ ಮಳೆ ಬಿದ್ದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆ ಆಗುತ್ತದೆ, ಬೆರಳು ತಾಗಿಸಿದರೆ ಉದುರುತ್ತದೆ. ಮಳೆ ಜಾಸ್ತಿಯಾದರೆ ಕೈಗೆ ಅಂಟುತ್ತದೆ, ಆಗ ಹದ ಕೆಟ್ಟಿತು ಅನ್ನುತ್ತಾರೆ. ಅಂದರೆ ಹದಗೆಡಬೇಕಾದರೆ ಮೊದಲು ಹದ ಇರಬೇಕು. ಡಾಂಬರನ್ನೇ ಕಾಣದ ರಸ್ತೆ ಹದಗೆಟ್ಟಿದೆ ಅಂತ ಬರೆದರೆ, ಹಿಂದೆ ಚೆನ್ನಾಗಿತ್ತು ಅಂತ ನೀನೇ ಹೇಳಿದ ಹಾಗಾಗುತ್ತದೆ. ಆ ಊರಿನವರಿಗೆ ಬೇಜಾರಾಗುವುದಿಲ್ವಾ?

ಇನ್ನೊಂದು, ಹದಗೆಡುವುದಕ್ಕೆ ಸಮಯ ಹಿಡಿಯುತ್ತದೆ. 2022ರ ಜುಲೈನಲ್ಲಿ ನಮ್ಮ ದೋಣಿಗಾಲ್ ಹತ್ತಿರ ಹೆದ್ದಾರಿಯ ಅಂಚು ಮಳೆಗೆ ಜರಿದುಹೋಯಿತು. ಅದು ಕುಸಿತ. ಅಲ್ಲಿ ‘ಕುಸಿಯಿತು’ ಅಂತಲೇ ಬರೆಯಬೇಕು.

ಕಾಯಿಲೆಯ ವಿಷಯದಲ್ಲಿ ಇನ್ನೂ ಹುಷಾರಾಗಿರು. ರೋಗ ಉಲ್ಬಣಿಸುತ್ತದೆ, ಆರೋಗ್ಯ ಹದಗೆಡುತ್ತದೆ. ‘ಆರೋಗ್ಯ ಉಲ್ಬಣ’ ಅಂತ ಎಲ್ಲೋ ಅಚ್ಚಾಗಿದ್ದು ನೋಡಿದ್ದೇನೆ, ಅರ್ಥವೇ ತಿರುಗಿಹೋಗುತ್ತದೆ. ನಿಮ್ಮ ಕಡೆ ಆಲೂಗಡ್ಡೆ ಹೊಲಕ್ಕೆ ಹೋಗಿ ನೋಡು. ಮೋಡ, ಜಡಿಮಳೆ, ತಂಪು ಸೇರಿದಾಗ ಅಂಗಮಾರಿ ಬರುತ್ತದೆ. ಎಲೆಯ ಮೇಲೆ ನೀರು ನೆಂದಂಥ ಕಪ್ಪು ಮಚ್ಚೆ, ಅಡಿಯಲ್ಲಿ ತೆಳ್ಳಗೆ ಬಿಳಿ ಬೂಷ್ಟು. ಕೆಲವೇ ದಿನಗಳಲ್ಲಿ ಹೊಲವೆಲ್ಲ ಸುಟ್ಟ ಹಾಗಾಗುತ್ತದೆ. ಅಲ್ಲಿ ರೋಗ ಉಲ್ಬಣಿಸಿತು, ಬೆಳೆ ಹಾಳಾಯಿತು. ಎರಡಕ್ಕೂ ಬೇರೆ ಬೇರೆ ಮಾತು ಬೇಕು. ಮನುಷ್ಯರ ಬಗ್ಗೆ ಬರೆಯುವಾಗಲಂತೂ ಡಾಕ್ಟರು ಹೇಳದೆ ‘ಹದಗೆಟ್ಟಿದೆ’ ಅನ್ನಲೇಬೇಡ. ಆಸ್ಪತ್ರೆ ಹೊರಗೆ ಕೂತ ಮನೆಯವರೂ ನಿನ್ನ ಸುದ್ದಿ ಓದುತ್ತಾರೆ.

ಜಗಳ, ಗಲಾಟೆ, ಪರಿಸ್ಥಿತಿಗೆ ‘ಬಿಗಡಾಯಿಸು’ ಚೆನ್ನಾಗಿ ಒಪ್ಪುತ್ತದೆ. ಹಿಂದಿ ಕಡೆಯಿಂದ ಬಂದದ್ದು ಅಂತ ದೂರ ಇಡಬೇಡ, ಎಂದೋ ನಮ್ಮದಾಗಿದೆ. ಅಡುಗೆಮನೆಯಲ್ಲಿ ಕಿವಿಗೊಟ್ಟರೆ ಪದಗಳಿಗೇನು ಬರ! ಅನ್ನ ಹಳಸುತ್ತದೆ, ಹಾಲು ಒಡೆಯುತ್ತದೆ, ಕೊಬ್ಬರಿ ಕಮಟಾಗುತ್ತದೆ, ಅಕ್ಕಿ ಮುಗ್ಗುತ್ತದೆ. ನಿನ್ನ ದೊಡ್ಡಮ್ಮ ಒಂದಕ್ಕೆ ಇನ್ನೊಂದು ಹೇಳಿದ್ದನ್ನು ನಾನು ಕೇಳಿಲ್ಲ.

ಮುಖ್ಯವಾದದ್ದು ಕೆರೆಯ ಸುದ್ದಿ. ‘ಕೆರೆ ಹದಗೆಟ್ಟಿದೆ’ ಅಂತ ನೀನು ಬರೆದೆ. ತಾನಾಗಿ ಕೆಟ್ಟಿತಾ? ಚರಂಡಿ ನೀರು ಬಿಟ್ಟವರು ಯಾರು, ಮಣ್ಣು ತಂದು ಸುರಿದವರು ಯಾರು? ಕನ್ನಡದಲ್ಲಿ ‘ಕೆಡು’ ಇದೆ, ‘ಕೆಡಿಸು’ವೂ ಇದೆ. ಯಾರು ಕೆಡಿಸಿದರು ಅಂತ ಕೇಳಿ ತಿಳಿದು, ಖಾತ್ರಿಯಾದರೆ ಹಾಗೆಯೇ ಬರೆ. ಖಾತ್ರಿ ಆಗದಿದ್ದರೆ ಕಣ್ಣಿಗೆ ಕಂಡದ್ದನ್ನು ಹೇಳು: ನೀರಿನ ಬಣ್ಣ ಏನು, ವಾಸನೆ ಎಷ್ಟು ದೂರ ಬರುತ್ತದೆ, ದನ ಕುಡಿಯುತ್ತವಾ ಇಲ್ವಾ.

ಆ ಸುದ್ದಿಯನ್ನು ಇನ್ನೊಮ್ಮೆ ಬರೆ ಮಗಳೇ. ಅಚ್ಚಿಗೆ ಹೋಗುವ ಮೊದಲು ನನಗೆ ವಾಟ್ಸಾಪ್ ಮಾಡು, ಕೂತು ಓದಿ ಹೇಳುತ್ತೇನೆ.

ನಿನ್ನ ದೊಡ್ಡಪ್ಪ