ಅಪ್ಪ ಕೇಳಿದ ಹ್ಯಾಂಗಿಂಗ್ ವಾಲ್

ಹೇವರ್ಡ್, ಕ್ಯಾಲಿಫೋರ್ನಿಯಾ
ಭಾನುವಾರ

ಅವ್ವಾ, ಅಪ್ಪಾ,

ಮೊದಲು ಅವ್ವಂಗೆ. ನಾನು ಆರಾಮಾಗಿದ್ದೇನೆ. ಮಂಗಳವಾರ ರಾತ್ರಿ ನೆಲ ಅಲುಗಿದ್ದು ನಿಜ, ಆದರೆ ಕಪಾಟಿನ ಗ್ಲಾಸುಗಳು ಎರಡು ಸಲ ಕಿಣಿಕಿಣಿ ಅಂದು ಸುಮ್ಮನಾದವು, ಅಷ್ಟೇ. ಪಕ್ಕದ ಮನೆಯವರು ಎದ್ದೇ ಇಲ್ಲ. ನಿನ್ನ ವಾಟ್ಸಾಪಿಗೆ ಬಂದ ಬಿದ್ದ ಕಟ್ಟಡದ ವಿಡಿಯೋ ಈ ಊರಿನದ್ದಲ್ಲ.

ಈಗ ಅಪ್ಪನ ಪ್ರಶ್ನೆಗೆ ಬರ್ತೀನಿ. ಅಷ್ಟು ಗಾಬರಿಯ ನಡುವೆ ಫೋನ್ ತಗೊಂಡು "ಅಲ್ಲಿ ಹ್ಯಾಂಗಿಂಗ್ ವಾಲ್ ಯಾವ ಕಡೆ ಐತಿ?" ಅಂತ ಕೇಳಿದಿರಿ. ಅವ್ವ ಬೈದು ಫೋನ್ ಕಿತ್ತುಕೊಂಡಳು. ನನಗೂ ಉತ್ತರ ಗೊತ್ತಿರಲಿಲ್ಲ. ಅದಕ್ಕೇ ಒಂದಿಷ್ಟು ಓದಿ, ಊರೆಲ್ಲ ಸುತ್ತಿ, ಈ ಕಾಗದ ಬರೀತಿದ್ದೇನೆ.

ನನಗೆ ನಗು ಬಂದಿದ್ದು ಏನು ಗೊತ್ತಾ? ಪ್ರಪಂಚದ ಎಲ್ಲ ಭೂವಿಜ್ಞಾನದ ಪುಸ್ತಕಗಳಲ್ಲೂ ಇರೋದು ಗಣಿ ಕೆಲಸದವರ ಮಾತೇ. ಹಟ್ಟಿಯಲ್ಲಿ ನೀವು ಕ್ಯಾಪ್ ಲ್ಯಾಂಪ್ ಹಾಕ್ಕೊಂಡು ಇಳೀತಿದ್ದಾಗ ಓರೆಯಾಗಿ ಹೋಗೋ ಚಿನ್ನದ ರೀಫು, ಅಂದರೆ ಚಿನ್ನ ಇರೋ ಕಲ್ಲಿನ ಪಟ್ಟಿ, ಅದರ ಮೇಲಿನ ಬಂಡೆ ತಲೆ ಮೇಲೆ ತೂಗ್ತಿತ್ತು, ಅದು ಹ್ಯಾಂಗಿಂಗ್ ವಾಲ್. ಕಾಲ ಕೆಳಗಿನದು ಫುಟ್ ವಾಲ್. ಫಾಲ್ಟಿಗೂ, ಅಂದರೆ ಬಂಡೆ ಸೀಳಿ ಜರುಗಿದ ಜಾಗಕ್ಕೂ, ಅದೇ ಲೆಕ್ಕ. ಶಾಲೆಯಲ್ಲಿ ಫಾಲ್ಟನ್ನು ಸ್ತರಭಂಗ ಅಂತ ಬಾಯಿಪಾಠ ಮಾಡಿದ್ದೆ. ಮನೆಯಲ್ಲೇ ತಿಳಿದವರಿದ್ದರೂ ಒಂದು ದಿನ ಕೇಳಲಿಲ್ಲ ನೋಡಿ.

ಒಂದು ಸಲ ನೀವೇ ಹೇಳಿದ್ದಿರಲ್ಲ, ರೀಫ್ ಚೆನ್ನಾಗಿ ಬರ್ತಾ ಬರ್ತಾ ಗೋಡೆಗೆ ಬಡಿದ ಹಾಗೆ ನಿಂತೇಬಿಟ್ಟಿತು, ಆಮೇಲೆ ಅದು ಎತ್ತ ಹೋಯಿತು ಅಂತ ವಾರಗಟ್ಟಲೆ ಹುಡುಕಿದ್ವಿ ಅಂತ. ಅದು ಫಾಲ್ಟ್. ಬರೀ ಬಿರುಕು ಬೇರೆ. ಮುದಗಲ್ಲಿನ ಕೋಟೆ ಹತ್ತಿರ ಗುಂಡುಗಳು ಸೀಳಿರ್ತಾವಲ್ಲ, ಸೀಳಿನ ಆಚೆ ಈಚೆ ಬೆಣಚುಕಲ್ಲಿನ ಬಿಳಿ ಗೆರೆ ನೇರ ಸೇರಿದರೆ ಅದು ಸುಮ್ನೆ ಬಿರುಕು. ಗೆರೆ ತಪ್ಪಿದ್ದರೆ ಬಂಡೆ ಜರುಗಿದೆ ಅಂತ ಅರ್ಥ.

ಜರುಗೋದು ಎತ್ತ ಅನ್ನೋದರ ಮೇಲೆ ಜಾತಿ. ನೆಲವನ್ನು ಎರಡೂ ಕಡೆಯಿಂದ ಎಳೆದರೆ ಹ್ಯಾಂಗಿಂಗ್ ವಾಲ್ ಕೆಳಗೆ ಜಾರುತ್ತೆ, ಅದಕ್ಕೆ ನಾರ್ಮಲ್ ಫಾಲ್ಟ್ ಅಂತಾರೆ. ಹೋದ ಚಳಿಗಾಲದಲ್ಲಿ ಡೆತ್ ವ್ಯಾಲಿಗೆ ಹೋಗಿದ್ವಲ್ಲ, ಉಪ್ಪಿನ ಬಯಲಿನ ಫೋಟೋ ಕಳಿಸಿದ್ದೆ. ಅದು ಹಾಗೆ ಕುಸಿದ ಜಾಗ, ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗೆ. ಒತ್ತಿದರೆ ಉಲ್ಟಾ, ಹ್ಯಾಂಗಿಂಗ್ ವಾಲ್ ಮೇಲೆ ಹತ್ತುತ್ತೆ. ಅದು ರಿವರ್ಸ್. ಹಿಮಾಲಯ ಎದ್ದಿದ್ದು ಹೀಗೆ, ಆದರೆ ಅಲ್ಲಿ ಫಾಲ್ಟ್ ಜಾಸ್ತಿ ಮಲಗಿಕೊಂಡಿರುತ್ತೆ, ಅದಕ್ಕೆ ಥ್ರಸ್ಟ್ ಅಂತ ಹೆಸರು.

ನಮ್ಮ ಹೇವರ್ಡ್ ಫಾಲ್ಟ್ ಎರಡೂ ಅಲ್ಲ. ಅದು ಹೆಚ್ಚುಕಮ್ಮಿ ನೆಟ್ಟಗೆ ನಿಂತಿದೆ ಅಪ್ಪಾ, ಹಾಗಾಗಿ ಮೇಲೆ ತೂಗೋ ಗೋಡೆಯೇ ಇಲ್ಲ! ಲಿಂಗಸುಗೂರು ರಸ್ತೆಯಲ್ಲಿ ಹತ್ತಿ ತುಂಬಿದ ಎರಡು ಟ್ರ್ಯಾಕ್ಟರು ಎದುರುಬದುರು ಬಂದು ಮೈ ಉಜ್ಜಿಕೊಂಡು ಹೋಗ್ತಾವಲ್ಲ, ಹಾಗೆ ಇದು. ಸ್ಟ್ರೈಕ್ ಸ್ಲಿಪ್ ಅಂತಾರೆ. ಯಾವ ಕಡೆ ನಿಂತು ನೋಡಿದರೂ ಎದುರಿನ ನೆಲ ಬಲಕ್ಕೇ ಸರಿದಿರುತ್ತೆ. ಮೊದಲು ನಂಬಲಿಲ್ಲ, ಎರಡು ಚಪ್ಪಲಿ ಇಟ್ಟು ಸರಿಸಿ ನೋಡಿದೆ.

ಇದು ವರ್ಷಕ್ಕೆ ಸುಮಾರು 5 ಮಿಲಿಮೀಟರ್ ತೆವಳುತ್ತೆ. ಶನಿವಾರ ಹೋಗಿ ನೋಡಿಬಂದೆ. ಫುಟ್‌ಪಾತಿನ ಅಂಚು ನೇರ ಬಂದು ಒಂದು ಕಡೆ ಗೇಣಿಗಿಂತ ಕಡಿಮೆ ಪಕ್ಕಕ್ಕೆ ಸರಿದು ಮತ್ತೆ ನೇರ ಹೋಗಿದೆ. ಸಂದಿನಲ್ಲಿ ಹುಲ್ಲು. ಅಷ್ಟೇ, ನೋಡಿದರೆ ಗುತ್ತಿಗೆದಾರನ ತಪ್ಪು ಅನ್ಸುತ್ತೆ. ಇದಕ್ಕಿಂತ ಹೆಸರುವಾಸಿಯಾದ ಒಂದು ಮೂಲೆ ಇತ್ತಂತೆ, ದಶಕಗಳಿಂದ ವಿಜ್ಞಾನಿಗಳು ಬಂದು ಫೋಟೋ ತೆಗೀತಿದ್ದರು, 2016ರಲ್ಲಿ ರಸ್ತೆ ಕೆಲಸದವರು ಅದನ್ನು ಒಡೆದು ನೀಟಾಗಿ ನೇರ ಮಾಡಿಬಿಟ್ಟರು. ಎಲ್ಲ ಊರಲ್ಲೂ ಒಂದೇ ಕಥೆ ಅಲ್ವಾ.

ತೆವಳೋದು ಒಳ್ಳೇದೇ, ಆದರೆ ಆಳದಲ್ಲಿ ಕೆಲವು ಕಡೆ ಅದು ಕಚ್ಚಿಕೊಂಡಿದೆ. ತೊಗರಿ ಕಟ್ಟಿಗೆ ಬಗ್ಗಿಸಿದ ಹಾಗೆ ಬಂಡೆ ಬಾಗ್ತಾ ಬಾಗ್ತಾ ಹೋಗಿ ಒಮ್ಮೆ ಪಟ್ ಅನ್ನುತ್ತೆ, ಅದೇ ಭೂಕಂಪ. ಇಲ್ಲಿ 1868ರಲ್ಲಿ ಹಾಗೆ ಆಗಿತ್ತು. 1906ರಲ್ಲಿ ಪಕ್ಕದ ಸ್ಯಾನ್ ಆಂಡ್ರಿಯಾಸ್ ಫಾಲ್ಟ್ ಸರಿದಾಗ ಪಾಯಿಂಟ್ ರೀಸ್ ಅನ್ನೋ ಕಡೆ ಒಂದು ಬೇಲಿ ತುಂಡಾಗಿ ಎರಡು ತುದಿ ಸುಮಾರು 16 ಅಡಿ ದೂರವಾದವು. ಅದನ್ನೆಲ್ಲ ಅಳೆದು ರೀಡ್ ಅನ್ನೋ ವಿಜ್ಞಾನಿ 1910ರಲ್ಲಿ ಈ ಬಾಗಿ ಸಿಡಿಯೋ ಲೆಕ್ಕ ಬರೆದರು. ಇನ್ನೂ ಆಳಕ್ಕೆ, ಹತ್ತು ಹದಿನೈದು ಕಿಲೋಮೀಟರ್ ದಾಟಿದರೆ, ಬಿಸಿಗೆ ಬಂಡೆ ಮುರಿಯೋದಿಲ್ಲ, ಬಾಗುತ್ತೆ. ಅವ್ವ ತವೆಯಿಂದ ತೆಗೆದ ಬಿಸಿ ರೊಟ್ಟಿ ಮಡಚಬಹುದು. ಕಳಿಸಿದ ಖಡಕ್ ರೊಟ್ಟಿ ಪಾರ್ಸಲ್ ಬಿಚ್ಚಿದಾಗ ಮಾತ್ರ ಒಂದೂ ಇಡಿಯಾಗಿರಲಿಲ್ಲ. ಚೂರುಗಳನ್ನೇ ಶೇಂಗಾ ಚಟ್ನಿ ಜೊತೆ ತಿಂದೆ.

ಅವ್ವಾ, "ನಮ್ಮ ಕಡೆ ಇವೆಲ್ಲ ಇಲ್ಲ, ವಾಪಸ್ ಬಾ" ಅಂದೆಯಲ್ಲ, 1993 ಮರೆತೆಯಾ? ಸೆಪ್ಟೆಂಬರ್ 30, ಬೆಳಗಿನ ಜಾವ ನಾಲ್ಕಕ್ಕೆ ಇನ್ನೂ ಸ್ವಲ್ಪ ಇತ್ತು, ಗಣಪತಿ ಕಳಿಸಿದ ರಾತ್ರಿ. ಕ್ವಾರ್ಟರ್ಸಿನಲ್ಲಿ ಹಲಗೆ ಮೇಲಿನ ತಾಟು ಗಡಗಡ ಅಂದಾಗ ಗಣಿ ಬ್ಲಾಸ್ಟಿಂಗ್ ಅಂದುಕೊಂಡು ಮಗ್ಗುಲು ಬದಲಿಸಿದೆ ಅಂತ ನೀನೇ ಹೇಳ್ತಿದ್ದೆ. ಅದು ಲಾತೂರಿನ ಕಿಲ್ಲಾರಿ ಭೂಕಂಪ. ಇಡೀ ಭಾರತ ಉತ್ತರಕ್ಕೆ ಏಷ್ಯಾವನ್ನು ತಳ್ತಾ ಇರೋದರಿಂದ ಒತ್ತಡ ದಖ್ಖನ್ನಿನ ಗಟ್ಟಿ ಬಂಡೆಗೂ ಬರುತ್ತೆ. ಅಲ್ಲಿ ರಿವರ್ಸ್ ಫಾಲ್ಟ್ ಸರಿಯಿತು, ಅಪ್ಪಾ, ನಿಮ್ಮ ಹ್ಯಾಂಗಿಂಗ್ ವಾಲ್ ಮೇಲೆ ಹತ್ತಿತು. ಸುಮಾರು ಹತ್ತು ಸಾವಿರ ಜನ ಹೋದರು, ಹೆಚ್ಚಿನವರು ಮಣ್ಣಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಭಾರದ ಮಾಳಿಗೆ ಕೆಳಗೆ ಸಿಕ್ಕವರು.

ನಮ್ಮ ಅಜ್ಜಿ ಮನೆಯೂ ಅದೇ ಥರ. ಅದಕ್ಕೆ ಒಂದು ಮಾತು. ಮಳೆಗಾಲಕ್ಕೆ ಮುಂಚೆ ಮಾಳಿಗೆ ಸೋರುತ್ತೆ ಅಂತ ಪ್ರತಿ ವರ್ಷ ಇನ್ನೊಂದು ಪದರ ಮಣ್ಣು ಹಾಕಿಸ್ತೀರಲ್ಲ, ಈ ಸಲ ಬೇಡ. ಹಳೇ ಮಣ್ಣು ಅರ್ಧ ಇಳಿಸಿ, ಮೇಲೆ ತಗಡು ಹೊದಿಸಿ. ದುಡ್ಡು ಶುಕ್ರವಾರ ಹಾಕ್ತೀನಿ. ತಮ್ಮನಿಗೆ ಹೇಳಿ ಕಾಕಾ ಮಲಗೋ ಕೋಣೆಯಿಂದಲೇ ಶುರು ಮಾಡಿಸಿ, ಆ ಗೋಡೆ ಹೋದ ಸಲವೇ ಉಬ್ಬಿತ್ತು.

ನಿಮ್ಮ ಮಗಳು