‘ಕಾಂಚೀವರಂ’ ನೋಡಿದ ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ತಮಿಳಿನ ‘ಕಾಂಚೀವರಂ’ ಚಿತ್ರ ನೋಡಿ ಮುಗಿಸಿದ ಮೇಲೆ ನೀನು ಕೇಳಿದ ಪ್ರಶ್ನೆ ನನ್ನ ಮನಸ್ಸಿನಲ್ಲೇ ಉಳಿದಿದೆ. ಕೊನೆಯ ದೃಶ್ಯಕ್ಕೆ ಅಷ್ಟು ಅತ್ತರೂ, ಇದೊಂದು ಪರಿಪೂರ್ಣ ಚಿತ್ರವೆಂದು ಒಪ್ಪಿಕೊಳ್ಳಲು ಏಕೆ ಮನಸ್ಸು ಬರುತ್ತಿಲ್ಲ ಎಂದು ಕೇಳಿದ್ದೆ. ಅದು ಫೋನಿನಲ್ಲಿ ಅವಸರದಿಂದ ಉತ್ತರಿಸುವಂಥ ಪ್ರಶ್ನೆಯಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ಈ ಚಿತ್ರ ಒಬ್ಬ ತಂದೆಯನ್ನು ಬಹಳ ಆಳವಾಗಿ ಬಲ್ಲದು, ಅವನ ಮಗಳನ್ನು ಮಾತ್ರ ದೂರದಿಂದ ನೋಡುತ್ತದೆ ಎಂಬುದು ನನ್ನ ಅಭಿಪ್ರಾಯ. ನಿನಗಾದ ಕಸಿವಿಸಿಯ ಮೂಲವೂ ಅದೇ ಇರಬೇಕು.

ಮೊದಲು ಮೆಚ್ಚಿದ್ದನ್ನು ಹೇಳುತ್ತೇನೆ, ಏಕೆಂದರೆ ಮೆಚ್ಚಬೇಕಾದದ್ದು ಬಹಳವಿದೆ. ಹಳೆಯ ಕಾಲದ ಕಥೆಯೆಂದರೆ ಅರಮನೆ, ಸೈನ್ಯ, ಕಿರೀಟಗಳನ್ನೇ ನೆನೆಯುವ ನಮ್ಮ ಸಿನಿಮಾರಂಗದಲ್ಲಿ, ಸ್ವಾತಂತ್ರ್ಯಪೂರ್ವ ಕಾಂಚೀಪುರದ ಒಬ್ಬ ಕೂಲಿ ನೇಕಾರನ ಮನೆಯನ್ನು ಕೇಂದ್ರಕ್ಕೆ ತಂದುಕೊಂಡದ್ದೇ ದೊಡ್ಡ ಸಂಗತಿ. ಮಲಯಾಳಂ ಮತ್ತು ಹಿಂದಿಯ ಹಾಸ್ಯಚಿತ್ರಗಳಿಂದ ಹೆಸರಾದ ಪ್ರಿಯದರ್ಶನ್ ಇದನ್ನು ಬರೆದು ನಿರ್ದೇಶಿಸಿದರು ಎಂಬುದು ಗೊತ್ತಿಲ್ಲದೆ ನೋಡಿದವರು ಅದನ್ನು ಊಹಿಸುವುದೇ ಕಷ್ಟ. 2008ರಲ್ಲಿ ಟೊರಾಂಟೊ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡ ಈ ಚಿತ್ರ 55ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರವೆನಿಸಿತು. ಆ ನೇಕಾರ ವೆಂಗಡಂನ ಪಾತ್ರಕ್ಕಾಗಿ ನಮ್ಮ ಪ್ರಕಾಶ್ ರೈ ಅತ್ಯುತ್ತಮ ನಟ ಪ್ರಶಸ್ತಿ ಪಡೆದರು.

ಕಥೆಯ ಬೇರು ಒಂದು ಸರಳ ಅನ್ಯಾಯದಲ್ಲಿದೆ. ಕಂಚಿ ಸೀರೆಯ ನೇಯ್ಗೆ ಎಂಥ ಶ್ರಮದ ಕೆಲಸವೆಂಬುದು ನಿನಗೆ ಗೊತ್ತೇ ಇದೆ. ಅಂಚಿಗೂ ಒಡಲಿಗೂ ಬೇರೆ ಬೇರೆ ಲಾಳಿ ಓಡಬೇಕು. ಎರಡು ಬಣ್ಣಗಳು ಸೇರುವ ಗೆರೆಯಲ್ಲಿ ಪ್ರತಿ ಹೊಕ್ಕಿಗೂ, ಅಂದರೆ ಪ್ರತಿ ಅಡ್ಡ ಎಳೆಗೂ, ಎಳೆಗೆ ಎಳೆ ಸಿಕ್ಕಿಸಿ ಬಿಗಿಯಬೇಕು. ಅಂಚಿನ ಲಾಳಿ ಎಸೆಯಲು ನೇಕಾರನ ಪಕ್ಕದಲ್ಲಿ ಇನ್ನೊಬ್ಬರು, ಹಿಂದೆಲ್ಲ ಬಹುಮಟ್ಟಿಗೆ ಒಬ್ಬ ಹುಡುಗ, ಕೂರಬೇಕು. ಇಷ್ಟೆಲ್ಲ ಮಾಡಿದರೂ ರೇಷ್ಮೆ ಧಣಿಯದು, ಜರಿ ಧಣಿಯದು, ಸೀರೆಯೂ ಧಣಿಯದೇ. ನೇಕಾರನಿಗೆ ಉಳಿಯುವುದು ಕೂಲಿ ಮಾತ್ರ. ಮದುವೆಯಾಗುವವಳನ್ನು ರೇಷ್ಮೆ ಸೀರೆ ಉಡಿಸಿ ಕರೆತರುತ್ತೇನೆಂದು ಹೇಳಿಕೊಂಡಿದ್ದ ವೆಂಗಡಂಗೆ ಅದು ಸಾಧ್ಯವಾಗುವುದಿಲ್ಲ. ಅನಂತರ ಹೆಣ್ಣುಮಗು ಹುಟ್ಟಿದಾಗ, ಶಾಸ್ತ್ರದ ಹೊತ್ತಿನಲ್ಲಿ ಎಲ್ಲರ ಎದುರಿಗೆ, ನಿನ್ನ ಮದುವೆಗೆ ರೇಷ್ಮೆ ಸೀರೆ ಉಡಿಸುತ್ತೇನೆಂದು ಮಗುವಿಗೆ ಮಾತು ಕೊಟ್ಟುಬಿಡುತ್ತಾನೆ. ಅಲ್ಲಿದ್ದವರು ದಂಗಾಗುತ್ತಾರೆ. ಮಾತು ಉಳಿಸಿಕೊಳ್ಳಲೆಂದು ಕೂಡಿಟ್ಟ ಹಣ ತಂಗಿಯ ಸಂಸಾರಕ್ಕೆ ಕರಗಿಹೋದ ಮೇಲೆ ಅವನಿಗೆ ಉಳಿಯುವ ದಾರಿ ಕಳ್ಳತನ.

ಆ ಕಳ್ಳತನದ ದೃಶ್ಯಗಳಲ್ಲಿ ಪ್ರಕಾಶ್ ರೈ ಅವರ ಮುಖವನ್ನು ನೀನು ಇನ್ನೊಮ್ಮೆ ನೋಡಬೇಕು. ರೇಷ್ಮೆಯ ಎಳೆಯನ್ನು ಬಾಯೊಳಗೆ ಅಡಗಿಸಿಕೊಂಡು ಅವನು ಕೆಲಸದಿಂದ ಹೊರಬೀಳುತ್ತಾನೆ. ಬಾಯಿ ತೆರೆದರೆ ಸಿಕ್ಕಿಬೀಳುತ್ತಾನೆ, ಆದ್ದರಿಂದ ದವಡೆ ಬಿಗಿದಿರುತ್ತದೆ, ಆದರೆ ಕಣ್ಣುಗಳು ಎಂದಿನಂತೆ ಇರಬೇಕೆಂದು ಹೆಣಗುತ್ತಿರುತ್ತವೆ. ಮಾತಿನ ಅಬ್ಬರದಿಂದಲೇ ತೆರೆಯನ್ನು ಆಳಿದ ನಟನೊಬ್ಬ ಮಾತನ್ನೇ ಬಿಟ್ಟುಕೊಟ್ಟು ಇಷ್ಟನ್ನು ಹೇಳಿದ್ದು ನನಗೆ ಇಂದಿಗೂ ಸೋಜಿಗ. ರಾತ್ರಿಯ ಹೊತ್ತು ಯಾರಿಗೂ ಕಾಣದಂತೆ ಅವನು ನೇಯುವ ಆ ಸೀರೆ ವರ್ಷಗಳಗಟ್ಟಲೆ ಮಗ್ಗದ ಮೇಲೆಯೇ ಬೆಳೆಯುತ್ತದೆ.

ಚಿತ್ರದ ಜೀವಾಳವೆಂದು ನಾನು ಭಾವಿಸುವುದು ಇದರ ಮುಂದಿನ ಭಾಗವನ್ನು. ಊರಿಗೆ ಬಂದ ಕಮ್ಯುನಿಸ್ಟ್ ಬರಹಗಾರನ ಪ್ರಭಾವದಿಂದ ನೇಕಾರರು ಸಂಘಟಿತರಾಗುತ್ತಾರೆ, ವೆಂಗಡಂ ಅವರ ಮುಂದಾಳಾಗುತ್ತಾನೆ, ಮುಷ್ಕರ ನಡೆಯುತ್ತದೆ. ಮುಷ್ಕರ ನಡೆದರೆ ಮಗ್ಗ ನಿಲ್ಲುತ್ತದೆ. ಮಗ್ಗ ನಿಂತರೆ ಕದಿಯಲು ಎಳೆಯೇ ಇರುವುದಿಲ್ಲ. ಮಗಳ ಮದುವೆ ಮಾತ್ರ ಹತ್ತಿರ ಬರುತ್ತಿರುತ್ತದೆ. ಎಲ್ಲರ ಹಕ್ಕಿಗಾಗಿ ಎದ್ದು ನಿಂತವನೇ ಕೆಲಸಕ್ಕೆ ಮರಳೋಣವೆಂದು ಜೊತೆಗಾರರ ಮನವೊಲಿಸುವ ಸ್ಥಿತಿ ಬರುತ್ತದೆ. ಅವನು ಕೆಟ್ಟವನಲ್ಲ, ತತ್ತ್ವದಲ್ಲಿ ಅವನಿಗೆ ನಂಬಿಕೆಯಿಲ್ಲವೆಂದೂ ಅಲ್ಲ. ಮಗಳಿಗೆ ಕೊಟ್ಟ ಮಾತು ಮತ್ತು ಗೆಳೆಯರಿಗೆ ಕೊಟ್ಟ ಮಾತು ಎರಡನ್ನೂ ಒಟ್ಟಿಗೆ ಉಳಿಸಿಕೊಳ್ಳಲು ಆ ವ್ಯವಸ್ಥೆ ಅವನಿಗೆ ಅವಕಾಶವನ್ನೇ ಕೊಡುವುದಿಲ್ಲ. ಈ ಇಕ್ಕಟ್ಟನ್ನು ಯಾರ ಮೇಲೂ ತೀರ್ಪು ಹೇರದೆ ತೋರಿಸಿದ್ದಕ್ಕಾಗಿ ಈ ಚಿತ್ರವನ್ನು ಎಷ್ಟು ಹೊಗಳಿದರೂ ಕಡಿಮೆಯೇ.

ತಿರು ಅವರ ಛಾಯಾಗ್ರಹಣ ಮತ್ತು ಸಾಬು ಸಿರಿಲ್ ಅವರ ಕಲಾ ನಿರ್ದೇಶನದ ಬಗ್ಗೆ ನೀನೇ ಬರೆದಿದ್ದೀಯ, ನನಗೂ ಅದೇ ಅಭಿಪ್ರಾಯ. 1948ರ ಮಳೆಯ ರಾತ್ರಿಯಲ್ಲಿ ಪೊಲೀಸರ ನಡುವೆ ಬಸ್ಸಿನಲ್ಲಿ ಕುಳಿತ ಕೈದಿ ವೆಂಗಡಂನ ಕತ್ತಲಿಗೂ, ಅವನು ನೆನೆಯುವ ದಿನಗಳ ಬೆಚ್ಚನೆಯ ಬೆಳಕಿಗೂ ಇರುವ ವ್ಯತ್ಯಾಸವೇ ಅರ್ಧ ಕಥೆ ಹೇಳುತ್ತದೆ.

ಇನ್ನು ಕೊರತೆಗಳು. ಧಣಿಯ ಪಾತ್ರ ನಾವು ನೂರಾರು ಚಿತ್ರಗಳಲ್ಲಿ ಕಂಡ ಧಣಿಯೇ. ಕಮ್ಯುನಿಸ್ಟ್ ಬರಹಗಾರ ಸಾಯುವುದಕ್ಕಾಗಿಯೇ ಊರಿಗೆ ಬಂದವನಂತೆ ಕಾಣುತ್ತಾನೆ. ಇವು ಸಣ್ಣ ದೋಷಗಳು. ನೇಯ್ಗೆಯ ಕೆಲಸವನ್ನೇ ಇನ್ನಷ್ಟು ಹೊತ್ತು, ಇನ್ನಷ್ಟು ಹತ್ತಿರದಿಂದ ತೋರಿಸಬೇಕಿತ್ತು ಎನ್ನುವುದು ಅದಕ್ಕಿಂತ ದೊಡ್ಡ ಆಕ್ಷೇಪ. ಒಂದು ಗೇಣು ಬಟ್ಟೆಗೆ ಎಷ್ಟು ಹೊತ್ತು ಬೇಕೆಂಬುದು ನೋಡುಗರ ಮೈಗೆ ಇಳಿದಿದ್ದರೆ, ಕದ್ದ ಎಳೆಗಳಿಂದ ಸೀರೆ ನೇಯುವ ಹಟದ ತೂಕವೂ ಹೆಚ್ಚುತ್ತಿತ್ತು.

ನನ್ನನ್ನು ನಿಜವಾಗಿ ನೋಯಿಸಿದ್ದು ಅವನ ಮಗಳು ತಾಮರೈಯ ಸ್ಥಿತಿ. ಸೀರೆಯ ಆಸೆ ಅಪ್ಪನದು, ಹಟ ಅಪ್ಪನದು, ಸೋಲೂ ಅಪ್ಪನದೇ. ಆ ಸೀರೆ ಅವಳಿಗೆ ಬೇಕಿತ್ತೇ, ಅದಕ್ಕಾಗಿ ಅಪ್ಪ ಕಳ್ಳನಾಗುವುದನ್ನು ಅವಳು ಒಪ್ಪುತ್ತಿದ್ದಳೇ ಎಂಬ ಪ್ರಶ್ನೆಗೆ ಚಿತ್ರದಲ್ಲಿ ಜಾಗವೇ ಇಲ್ಲ. ಅವಳ ತಾಯಿ ಅನ್ನಂ ಪಾತ್ರದಲ್ಲಿ ಶ್ರಿಯಾ ರೆಡ್ಡಿ ಎಷ್ಟು ಚೆನ್ನಾಗಿ ನಟಿಸಿದ್ದರೂ, ಆಕೆಯೂ ಕಥೆಯ ಅನುಕೂಲಕ್ಕೆ ತಕ್ಕಂತೆ ತೀರಿಕೊಳ್ಳುತ್ತಾಳೆ. ಕಳ್ಳತನ ಬಯಲಾಗಿ ವೆಂಗಡಂ ಜೈಲು ಸೇರಿದಾಗ ಕಥೆ ತನ್ನ ಸಹಜ ಅಂತ್ಯಕ್ಕೆ ಬಂದಿತ್ತು. ಅಲ್ಲಿ ಅಪ್ಪ ಮಗಳು ಎದುರುಬದುರು ಕುಳಿತು ಮಾತನಾಡಿದ್ದರೆ ಚಿತ್ರ ಇನ್ನೊಂದು ಎತ್ತರಕ್ಕೆ ಹೋಗುತ್ತಿತ್ತು. ಅದರ ಬದಲು ಅವಳು ಬಾವಿಗೆ ಬಿದ್ದು ಹಾಸಿಗೆ ಹಿಡಿಯುತ್ತಾಳೆ. ನೋಡಿಕೊಳ್ಳುವವರಿಲ್ಲದ ಮಗಳಿಗೆ ಅಪ್ಪನೇ ವಿಷವುಣಿಸುತ್ತಾನೆ. ಮಗ್ಗದಿಂದ ಕತ್ತರಿಸಿ ತಂದ ಅರೆಬರೆ ಸೀರೆ ಅವಳ ದೇಹವನ್ನು ಪೂರ್ತಿ ಮುಚ್ಚಲೂ ಸಾಲುವುದಿಲ್ಲ. ಆ ಕೊನೆಯ ದೃಶ್ಯದ ಶಕ್ತಿಯನ್ನು ನಾನು ಅಲ್ಲಗಳೆಯುವುದಿಲ್ಲ, ಅಲ್ಲಿ ನಾನೂ ಅತ್ತವಳೇ. ಆದರೆ ಅಲ್ಲಿಗೆ ತಲುಪಲು ಚಿತ್ರ ಹಿಡಿದದ್ದು ಅಪಘಾತದ ದಾರಿ. ಮುಷ್ಕರದ ಭಾಗದಲ್ಲಿ ಪ್ರತಿಯೊಂದು ಸಂಕಟವೂ ಮನುಷ್ಯರ ಆಯ್ಕೆಯಿಂದ ಹುಟ್ಟಿತ್ತು. ಇಲ್ಲಿ ಸಂಕಟವನ್ನು ಹೊರಗಿನಿಂದ ತಂದು ಹೇರಲಾಗಿದೆ.

ಹೆಚ್ಚುಕಡಿಮೆ ಅದೇ ಅವಧಿಯಲ್ಲಿ ಪ್ರಕಾಶ್ ರೈ ತಮಿಳಿನ ‘ಅಭಿಯುಂ ನಾನುಂ’ ಚಿತ್ರದಲ್ಲಿ ಇನ್ನೊಬ್ಬ ತಂದೆಯಾಗಿದ್ದರು. ಅದನ್ನೇ 2010ರಲ್ಲಿ ‘ನಾನು ನನ್ನ ಕನಸು’ ಎಂದು ಕನ್ನಡದಲ್ಲಿ ತಾವೇ ನಿರ್ದೇಶಿಸಿದರು. ಕಲೆಯಾಗಿ ಅದು ‘ಕಾಂಚೀವರಂ’ ಹತ್ತಿರಕ್ಕೂ ಬರುವುದಿಲ್ಲ. ಆದರೂ ಅಲ್ಲಿ ಮಗಳಿಗೆ ತನ್ನದೇ ಇಷ್ಟವಿದೆ, ತನ್ನದೇ ನಿರ್ಧಾರವಿದೆ, ಅಪ್ಪ ಅದನ್ನು ಕಷ್ಟಪಟ್ಟು ಒಪ್ಪಿಕೊಳ್ಳುತ್ತಾನೆ. ನೀನು ಲೇಖನ ಬರೆಯುವುದಾದರೆ ಅದನ್ನೂ ನೋಡಿಯೇ ಬರೆ. ಲೇಖನ ಕಳುಹಿಸು, ವೆಂಗಡಂ ಮುಷ್ಕರ ನಿಲ್ಲಿಸಲು ಹೊರಟದ್ದನ್ನು ನೀನು ದ್ರೋಹವೆಂದು ಕರೆಯುತ್ತೀಯೋ ಇಲ್ಲವೋ ಎಂದು ತಿಳಿಯುವ ಕುತೂಹಲ ನನಗಿದೆ.

ಇಂತಿ,
ನಿನ್ನ ಅಮ್ಮ