ಮುಟ್ಟಿನ ಕಪ್‌ನ ಬಣ್ಣ ಮಾಸಿದ ವಿಚಾರವಾಗಿ

ಮೂಡಿಗೆರೆ

ಚಿರಂಜೀವಿ ಸಹನಾಳಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ಮುಟ್ಟಿನ ರಕ್ತ ಹಿಡಿಯಲು ಒಳಗಿಟ್ಟುಕೊಳ್ಳುವ, ರಬ್ಬರಿನಂಥ ಸಿಲಿಕೋನಿನ ನಿನ್ನ ಕಪ್ ವರ್ಷ ತುಂಬುವ ಮೊದಲೇ ಹಳದಿಗಟ್ಟಿ, ತಳದ ಕಡ್ಡಿಯ ಬಳಿ ಕಂದಾಗಿದೆಯೆಂದೂ, ಹಾಸ್ಟೆಲಿನ ಗೆಳತಿ ಅದನ್ನು ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ನೆನೆಹಾಕಲು ಹೇಳಿದಳೆಂದೂ ಬರೆದಿದ್ದೀಯೆ. ಆ ಕೆಲಸ ಮಾತ್ರ ಮಾಡಬೇಡ. ಬ್ಲೀಚಿಂಗ್ ಪೌಡರ್, ಡೆಟಾಲ್, ವಿನೆಗರ್, ಪಾತ್ರೆ ತೊಳೆಯುವ ಸೋಪು, ಇವು ಸಿಲಿಕೋನಿನ ಮೇಲ್ಮೈಯನ್ನು ಕೆಡಿಸಬಹುದು, ಇಲ್ಲವೇ ಅದರಲ್ಲಿ ಉಳಿದುಕೊಂಡು ಒಳಗಿನ ಮೃದುವಾದ ಚರ್ಮಕ್ಕೆ ಉರಿ ತರಬಹುದು. ಬೆಳ್ಳಗಾಗಲೆಂದು ಹೊರಟು ಚೆನ್ನಾಗಿರುವ ಕಪ್ಪನ್ನೇ ಹಾಳುಮಾಡಿಕೊಳ್ಳುವುದು ಜಾಣತನವಲ್ಲ.

ರಕ್ತದ ಹಿಮೋಗ್ಲೋಬಿನ್‌ನಲ್ಲಿ ಕಬ್ಬಿಣದ ಅಂಶವಿದೆ. ಗಾಳಿ ತಗುಲಿದಂತೆ ಅದು ಕಂದಾಗುತ್ತದೆ, ತಿಂಗಳು ತಿಂಗಳೂ ಅದರ ಛಾಯೆ ಸಿಲಿಕೋನಿನಲ್ಲಿ ಸ್ವಲ್ಪ ಸ್ವಲ್ಪವೇ ಉಳಿಯುತ್ತದೆ. ಅರಿಶಿನ ರುಬ್ಬಿದ ಮಿಕ್ಸಿ ಜಾರಿನ ಮುಚ್ಚಳ ಹಳದಿಯಾದರೆ ಅದನ್ನು ಕೊಳಕೆಂದು ನಾವು ಎಸೆಯುವುದಿಲ್ಲವಷ್ಟೆ. ನೀನು ನೋಡಬೇಕಾದದ್ದು ಬಣ್ಣವನ್ನಲ್ಲ, ಮೈಯನ್ನು: ಬೆರಳಾಡಿಸಿದಾಗ ಜಿಗುಟಾಗಿದೆಯೇ, ಹಿಟ್ಟಿನಂತೆ ಪುಡಿ ಬರುತ್ತಿದೆಯೇ, ಅಂಚಿನಲ್ಲಿ ಬಿರುಕು ಬಿಟ್ಟಿದೆಯೇ, ಕುದಿಸಿ ಒಣಗಿಸಿದ ಮೇಲೂ ವಾಸನೆ ಉಳಿದಿದೆಯೇ. ಇವುಗಳಲ್ಲಿ ಒಂದು ಕಂಡರೂ ಹೊಸದನ್ನು ಕೊಳ್ಳು. ಆದರೆ ಕುದಿಸಿದ ಮೇಲೆ ಬಿಳಿಯ ಪೊರೆ ಕಟ್ಟಿದ್ದರೆ ಗಾಬರಿಯಾಗಬೇಡ, ಅದು ಬೋರ್‌ವೆಲ್ ನೀರಿನ ಸುಣ್ಣದಂಶವಿರಬಹುದು; ಮುಂದಿನ ಸಲ ಫಿಲ್ಟರಿನ ನೀರಿನಲ್ಲಿ ಕುದಿಸಿ ನೋಡು.

ಕಲೆ ಕಡಿಮೆಯಾಗಬೇಕಾದರೆ ಪ್ರತಿ ಸಲ ಕಪ್ಪನ್ನು ಹೊರತೆಗೆದ ಕೂಡಲೇ ಮೊದಲು ತಣ್ಣೀರಿನಲ್ಲಿ ತೊಳೆ. ಬಿಸಿನೀರು ಮೊದಲೇ ಬಿದ್ದರೆ ರಕ್ತದ ಪ್ರೋಟೀನು ಗಟ್ಟಿಯಾಗಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಆಮೇಲೆ ಉಗುರುಬೆಚ್ಚಗಿನ ನೀರು, ಪರಿಮಳವಿಲ್ಲದ ಸೌಮ್ಯವಾದ ಸೋಪು ಸಾಕು. ಅಂಚಿನ ಕೆಳಗಿರುವ ಸಣ್ಣ ರಂಧ್ರಗಳನ್ನು ಹೆಚ್ಚಿನವರು ಮರೆಯುತ್ತಾರೆ, ಹಳೆಯ ವಾಸನೆ ಹುಟ್ಟುವುದೂ ಬಹಳ ಸಲ ಅಲ್ಲಿಂದಲೇ. ಕಪ್ಪಿನ ತುಂಬ ನೀರು ಹಿಡಿದು, ಅದರ ಬಾಯಿಗೆ ಅಂಗೈ ಒತ್ತಿ ಅದುಮಿದರೆ ನೀರು ಆ ರಂಧ್ರಗಳಿಂದ ಚಿಮ್ಮಿ ಸಿಕ್ಕಿಕೊಂಡದ್ದನ್ನೆಲ್ಲ ಹೊರಗೆ ತಳ್ಳುತ್ತದೆ. ಪಿನ್ನು, ಸೂಜಿ ಹಾಕಬೇಡ.

ಮುಟ್ಟು ನಿಂತ ಮೇಲೊಮ್ಮೆ, ಮುಂದಿನ ಮುಟ್ಟಿಗೆ ಬಳಸುವ ಮೊದಲೊಮ್ಮೆ, ಕುದಿಯುವ ನೀರಿನಲ್ಲಿ 5 ನಿಮಿಷ ಅಥವಾ ಕಪ್ಪಿನ ಜೊತೆ ಬಂದ ಚೀಟಿ ಹೇಳಿದಷ್ಟು ಹೊತ್ತು ಇಡು. ಅದಕ್ಕೆಂದೇ ಒಂದು ಸಣ್ಣ ಸ್ಟೀಲ್ ಪಾತ್ರೆ ಇರಲಿ, ನಾಲ್ವರು ಟೀ ಕಾಯಿಸುವ ಕೆಟಲ್ ಬೇಡ. ಪಾತ್ರೆ ಇಲ್ಲದಿದ್ದರೆ ತಿಳಿಸು, ನಿನ್ನ ಅಪ್ಪ ಹಾಸನಕ್ಕೆ ಬರುವಾಗ ಕಳಿಸುತ್ತೇನೆ. ನೀರು ಬತ್ತಿ ಕಪ್ ತಳಕ್ಕಂಟಿದರೆ ಸುಟ್ಟುಹೋಗುತ್ತದೆ, ಆದ್ದರಿಂದ ಒಲೆಯ ಮುಂದೆಯೇ ನಿಂತಿರು. ಕಲೆ ಅಷ್ಟು ಬೇಸರವೆನಿಸಿದರೆ ಕುದಿಸಿದ ಮೇಲೆ ಕೆಲವು ಗಂಟೆ ಬಿಸಿಲಿಗಿಡು, ಬಣ್ಣ ತಿಳಿಯಾಗುವುದುಂಟು.

ಇನ್ನು ಎತ್ತಿಡುವ ವಿಷಯ. ಆರೋಗ್ಯ ಸಹಾಯಕಿಯಾಗಿ ನಾನು ತೋಟದ ಕೂಲಿಕಾರರ ಲೈನ್ ಮನೆಗಳಿಗೆ ಹೋಗುತ್ತಿದ್ದ ಕಾಲದಲ್ಲಿ, ಮುಟ್ಟಿನ ಬಟ್ಟೆಯನ್ನು ಹೆಂಗಸರು ಬಚ್ಚಲ ಮೂಲೆಯಲ್ಲಿಯೋ ಸೀರೆಯ ಅಡಿಯಲ್ಲಿಯೋ ಯಾರ ಕಣ್ಣಿಗೂ ಬೀಳದಂತೆ ಒಣಹಾಕುತ್ತಿದ್ದರು. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಅದು ಒಣಗುತ್ತಲೇ ಇರಲಿಲ್ಲ, ಹಸಿಯನ್ನೇ ಮತ್ತೆ ಕಟ್ಟಿಕೊಳ್ಳುತ್ತಿದ್ದರು. ನೀನು ಒದ್ದೆ ಕಪ್ಪನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಪೆಟ್ಟಿಗೆಯ ತಳದಲ್ಲಿ ಬಚ್ಚಿಡುವುದೂ ಅದೇ ಜಾತಿಯ ನಾಚಿಕೆ, ಫಲವೂ ಅದೇ: ತೇವ, ಬೂಷ್ಟು, ವಾಸನೆ. ಒಗೆದ ಬಟ್ಟೆಯಿಂದ ಒರೆಸಿ, ಫ್ಯಾನಿನ ಗಾಳಿಗೆ ಪೂರ್ತಿ ಒಣಗಿಸಿ, ಹತ್ತಿ ಬಟ್ಟೆಯ ಚೀಲದಲ್ಲಿಡು, ಆ ಚೀಲವನ್ನೂ ಆಗಾಗ ಒಗೆ. ಆಷಾಢದಲ್ಲಿ ಊರಿಗೆ ಬಂದಾಗ ತಿಂಗಳ ನಡುವೆಯೂ ಒಮ್ಮೆ ಚೀಲ ಬಿಚ್ಚಿ ನೋಡಬೇಕು. ರಾಜ್ಯ ಸರ್ಕಾರವೇ 2023ರಲ್ಲಿ ದಕ್ಷಿಣ ಕನ್ನಡ ಮತ್ತು ಚಾಮರಾಜನಗರದ ವಿದ್ಯಾರ್ಥಿನಿಯರಿಗೆ ಸಭೆ ಕರೆದು ಕೊಡಲು ಶುರುಮಾಡಿದ ವಸ್ತುವನ್ನು ನೀನೇಕೆ ಕಳ್ಳಮಾಲಿನಂತೆ ಅಡಗಿಸಬೇಕು?

ಕಪ್ಪಿನಿಂದ ಸೋಂಕಾದೀತೆಂಬ ನಿನ್ನ ಅಮ್ಮನ ಹೆದರಿಕೆಗೆ ಇಷ್ಟು ಹೇಳು: 2019ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಎಂಬ ವೈದ್ಯಕೀಯ ಪತ್ರಿಕೆ 43 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ವರದಿಯೊಂದನ್ನು ಪ್ರಕಟಿಸಿತು, ಕಪ್ ಬಳಸುವವರಲ್ಲಿ ಸೋಂಕು ಹೆಚ್ಚಾದುದು ಅದರಲ್ಲಿ ಕಂಡುಬರಲಿಲ್ಲ. ಹಾಗೆಂದು ಕೈ ತೊಳೆಯದೆ ಮುಟ್ಟುವುದಾಗಲಿ, 12 ಗಂಟೆ ಮೀರಿ ಒಳಗೆ ಬಿಡುವುದಾಗಲಿ ಸಲ್ಲದು; ಚೀಟಿಯಲ್ಲಿ 8 ಗಂಟೆ ಎಂದಿದ್ದರೆ ಅದನ್ನೇ ಪಾಲಿಸು.

ತುರಿಕೆ, ಉರಿ, ಕೆಟ್ಟ ವಾಸನೆಯ ಸ್ರಾವ ಕಂಡರೆ ಕಪ್ಪನ್ನು ಬದಿಗಿಟ್ಟು ಹಾಸನದ ಸರ್ಕಾರಿ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ಹೋಗು. ಕಪ್ ಒಳಗಿರುವಾಗ ಇದ್ದಕ್ಕಿದ್ದಂತೆ ಜೋರು ಜ್ವರ, ವಾಂತಿ, ತಲೆಸುತ್ತು, ಮೈಮೇಲೆ ಕೆಂಪು ದದ್ದು ಬಂದರೆ ಕಪ್ಪನ್ನು ತೆಗೆದು, ಬೆಳಗಾಗಲೆಂದು ಕಾಯದೆ ಆ ರಾತ್ರಿಯೇ ಹೊರಡು, ಕಪ್ ಬಳಸುತ್ತಿದ್ದೆನೆಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳು.

ಇಂತು,
ನಿನ್ನ ಅತ್ತೆ